‘ಕೀಟ ನಿರೋಧಕತೆ’ ಯಾರದು: ಗಿಡದ್ದೋ, ಹುಳುವಿನದೋ?

ಎಲ್ಲರಿಗೂ ನಮಸ್ಕಾರ.

ಭತ್ತದ ಬೆಳೆಗಾರರಿಗಾಗಿ ಸಿದ್ಧವಾಗುತ್ತಿರುವ ಒಂದು ಕಿರುಹೊತ್ತಗೆಯ ಕರಡು ತಿದ್ದುತ್ತಿದ್ದೇನೆ. ಮಣ್ಣಿನ ಸ್ಥಿತಿಗೂ ಗಿಡ ತಾನಾಗಿ ಹುಳುಗಳನ್ನು ತಡೆದುಕೊಳ್ಳುವುದಕ್ಕೂ ಇರುವ ನಂಟು ಅದರ ವಿಷಯ. ಒಂದು ಕಡೆ ‘ಸಾರಜನಕ ಅತಿಯಾದಾಗ ಕೀಟ ನಿರೋಧಕತೆ ಕುಗ್ಗುತ್ತದೆ’ ಎಂದಿದೆ. ಇಲ್ಲಿ ಬರೆದವರ ಮನಸ್ಸಿನಲ್ಲಿದ್ದದ್ದು ಗಿಡ. ಮುಂದಿನ ಪುಟದಲ್ಲಿ ‘ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಸಿಂಪಡಿಸಿದರೆ ಕೀಟ ನಿರೋಧಕತೆ ಬೆಳೆಯುತ್ತದೆ’ ಎಂದಿದೆ. ಅಲ್ಲಿರುವುದು ವಿಷಕ್ಕೆ ಜಗ್ಗದ ಹುಳು. ಎರಡನ್ನೂ ಕೂಡಿಸಿ ಓದಿದ ರೈತರು ಸಾರಜನಕದ ಗೊಬ್ಬರವಾದ ಯೂರಿಯಾ ಸುರಿದರೆ ಹುಳುವಿನ ಅಬ್ಬರ ತಗ್ಗುತ್ತದೆ ಎಂದು ತಿಳಿದರೆ ಅವರನ್ನು ದೂರುವಂತಿಲ್ಲ. ನಡೆಯುವುದು ಇದಕ್ಕೆ ತದ್ವಿರುದ್ಧ.

ಪದ ಸೂಚಿಸುವವರಿಗೆ ಅನುಕೂಲವಾಗಲೆಂದು ತುಸು ವಿವರ. ಕಂದು ಜಿಗಿಹುಳುವನ್ನು ತುಂಗಭದ್ರಾ ಅಚ್ಚುಕಟ್ಟಿನವರಿಗೆ ಪರಿಚಯಿಸಬೇಕಾಗಿಲ್ಲ. ಪೈರಿನ ಬುಡ ಸರಿಸಿ ನೋಡಿದರೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗುಂಪಾಗಿ ಕೂತು ರಸ ಹೀರುತ್ತಿರುತ್ತದೆ. ಬುಡವನ್ನು ತಟ್ಟಿದರೆ ಪಟಪಟನೆ ನೀರಿಗೆ ಉದುರುತ್ತದೆ. ಮಿತಿಮೀರಿದರೆ ಗದ್ದೆಯ ನಡುವೆ ಅಲ್ಲಲ್ಲಿ ದುಂಡಗೆ, ಬೆಂಕಿ ತಗುಲಿದಂತೆ ಪೈರು ಒಣಗುತ್ತದೆ. ಯೂರಿಯಾ ಹೆಚ್ಚಾದ ಪೈರಿನಲ್ಲಿ ಎಲೆ ಕಡುಹಸಿರು, ಕಾಂಡ ಮೆತ್ತಗೆ, ರಸದಲ್ಲಿ ಅಮೈನೋ ಆಮ್ಲ ಜಾಸ್ತಿ. ಅಂಥ ಪೈರನ್ನು ಹೀರಿ ಬೆಳೆದ ಹೆಣ್ಣುಹುಳು ಹೆಚ್ಚು ಮೊಟ್ಟೆಯಿಡುತ್ತದೆ, ಮರಿಗಳು ಹೆಚ್ಚು ಉಳಿಯುತ್ತವೆ.

ಇದರ ಮಗ್ಗುಲಲ್ಲೇ, ಮರಳಿನಲ್ಲೂ ಇರುವ ಸಿಲಿಕಾನ್ ಎಂಬ ಧಾತುವಿನ ಮಾತಿದೆ. ಭತ್ತದ ಎಲೆಯ ಅಂಚಿಗೆ ಬೆರಳು ಎಳೆದವರಿಗೆ ಅದರ ಗರಗಸದ ಅನುಭವವಾಗಿರುತ್ತದೆ. ಬೇರು ಹೀರಿಕೊಂಡ ಸಿಲಿಕಾನ್ ಎಲೆ, ಕಾಂಡಗಳ ಹೊರಪದರದಲ್ಲಿ ಸೇರಿ ಗಟ್ಟಿಯಾಗುತ್ತದೆ. ಕಾಂಡಕೊರಕದ ಮರಿ ಅದನ್ನು ಕೊರೆಯಲು ಹೋದರೆ ದವಡೆಯೇ ಸವೆಯುತ್ತದೆ. ಬೆಳೆ ಬೆಳೆಗೂ ಹುಲ್ಲನ್ನೆಲ್ಲ ಸಾಗಿಸಿ ಗದ್ದೆಗೆ ಏನನ್ನೂ ಹಿಂದಿರುಗಿಸದಿದ್ದರೆ ಗಿಡಕ್ಕೆ ಸಿಗುವ ಸಿಲಿಕಾನ್ ಕಡಿಮೆಯಾಗುತ್ತ ಹೋಗುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಇದರ ಸಂಯುಕ್ತವಾದ ಸಿಲಿಕಾ.

ಹೀಗೆ ಮಣ್ಣು, ಗೊಬ್ಬರಗಳ ಜೊತೆ ಏರಿಳಿಯುವ ಗುಣವನ್ನು ‘ನಿರೋಧಕತೆ’ ಎನ್ನಲು ನನಗೆ ಮನಸ್ಸಿಲ್ಲ. ಆ ಪದ ಈಗಾಗಲೇ ತಳಿಗೆ ಅಂಟಿಕೊಂಡಿದೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 26 ತಳಿ 1973ರಲ್ಲಿ ಬಂದಾಗ ಅದು ಕಂದು ಜಿಗಿಹುಳು ನಿರೋಧಕ ತಳಿ. ಕೆಲವೇ ವರ್ಷಗಳಲ್ಲಿ ಹುಳು ಅದಕ್ಕೂ ಒಗ್ಗಿಕೊಂಡಿತು. ಆ ನಿರೋಧಕತೆ ಬಿತ್ತನೆ ಬೀಜದೊಳಗೇ ಇದ್ದದ್ದು, ಯೂರಿಯಾ ಚೀಲದಿಂದ ಹುಟ್ಟಿದ್ದಲ್ಲ. ಅಮೆರಿಕದ ಕೀಟವಿಜ್ಞಾನಿ ಆರ್. ಎಚ್. ಪೇಂಟರ್ 1951ರಲ್ಲಿ ಇದನ್ನು ಮೂರಾಗಿ ವಿಂಗಡಿಸಿದರು: ಹುಳುವಿಗೆ ಗಿಡವೇ ಬೇಡವೆನಿಸುವುದು, ತಿಂದರೂ ಮೈಗೆ ಹತ್ತದಿರುವುದು, ತಿನಿಸಿಕೊಂಡರೂ ಗಿಡ ತಾಳಿಕೊಳ್ಳುವುದು. ನಮ್ಮ ಪಠ್ಯಗಳ ಸಂಸ್ಕೃತ ಪದಗಳಿಗಿಂತ ‘ಮೈಗೆ ಹತ್ತದು’ ಎಂಬುದು ಎಷ್ಟು ಚೊಕ್ಕವಾಗಿದೆ ನೋಡಿ.

ನನ್ನ ಮುಂದಿರುವ ಪದಗಳು ಇವು. ‘ರೋಗನಿರೋಧಕ ಶಕ್ತಿ’ ಬೇಡ, ಹುಳು ರೋಗವಲ್ಲ. ‘ಮೈಗಾವಲು’ ಕಿವಿಗೆ ಇಂಪು, ಆದರೆ ಅದು ಗದ್ದೆಯಲ್ಲಿ ಜಿಗಿಹುಳುವನ್ನು ಹಿಡಿದು ತಿನ್ನುವ ಜೇಡಕ್ಕೇ ಹೆಚ್ಚು ಒಪ್ಪುತ್ತದೆ. ‘ಕಾಪು’ ಹಳೆಯ ಪದ, ಚಿಕ್ಕದು. ಉಡುಪಿ ಕಡೆಯವರು ‘ಅದು ನಮ್ಮ ಊರು’ ಎಂದಾರು. ‘ತಡೆ’, ‘ತಡೆಯುವ ಶಕ್ತಿ’ ಸಪ್ಪೆಯಾದರೂ ತಪ್ಪು ದಾರಿಗೆ ಎಳೆಯುವುದಿಲ್ಲ. ಸದ್ಯ ನನ್ನ ಒಲವು ಇದರ ಕಡೆಗೆ. ಹಾಗಾದರೆ ತಳಿಗೆ ‘ನಿರೋಧಕ’, ಗಿಡದ ಸ್ಥಿತಿಗೆ ‘ತಡೆ’, ವಿಷಕ್ಕೆ ಜಗ್ಗದ ಹುಳುವಿಗೆ ‘ವಿಷಸಹನೆ’ ಎಂದು ಬೇರ್ಪಡಿಸಬಹುದು.

‘ಫಲವತ್ತತೆ’ಯ ತೊಡಕು ಇನ್ನೊಂದು ಬಗೆಯದು. ಫಲವತ್ತಾದ ಮಣ್ಣಿನಲ್ಲಿ ಹುಳುಬಾಧೆ ಕಡಿಮೆ ಎಂದು ಬರೆದು, ಮರುವಾಕ್ಯದಲ್ಲಿ ಸಾರಜನಕ ಹೆಚ್ಚಾದರೆ ಹುಳುಬಾಧೆ ಹೆಚ್ಚು ಎಂದರೆ ಓದುಗರು ತಲೆ ಕೆರೆದುಕೊಳ್ಳುತ್ತಾರೆ. ‘ಸಾರಜನಕ’ದೊಳಗೇ ‘ಸಾರ’ ಇದೆಯಲ್ಲ! 1990ರ ದಶಕದಲ್ಲಿ ಅಮೆರಿಕದ ಓಹಿಯೋದಲ್ಲಿ ಸಾವಯವ ಹೊಲದ ಮಣ್ಣನ್ನೂ ರಾಸಾಯನಿಕ ಗೊಬ್ಬರದ ಹೊಲದ ಮಣ್ಣನ್ನೂ ಹಸಿರುಮನೆಗೆ ತಂದು ಮೆಕ್ಕೆಜೋಳ ಬೆಳೆಸಿ ನೋಡಿದರು. ಕಾಂಡಕೊರಕದ ಚಿಟ್ಟೆ ಸಾವಯವ ಮಣ್ಣಿನ ಗಿಡಗಳ ಮೇಲೆ ಕಡಿಮೆ ಮೊಟ್ಟೆಯಿಟ್ಟಿತು. ಅಲ್ಲಿ ಕೆಲಸ ಮಾಡಿದ್ದು ಒಂದು ಪೋಷಕಾಂಶದ ಪ್ರಮಾಣವಲ್ಲ, ವರ್ಷಗಟ್ಟಲೆ ಕೂಡಿಬಂದ ಮಣ್ಣಿನ ಗುಣ. ಅದಕ್ಕೆ ‘ನೆಲದ ಕಸುವು’ ಎಂದರೆ ಸಾಕೆನಿಸುತ್ತದೆ.

ಯೂರಿಯಾ ಉಂಡು ಕಪ್ಪಗೆ ಎದ್ದ ಪೈರನ್ನು ರೈತರು ‘ಸೊಕ್ಕಿದೆ’ ಎನ್ನುವುದನ್ನು ಕೇಳಿದ್ದೇನೆ. ಕರಡಿನಲ್ಲಿ ಅದಕ್ಕೆ ‘ಹುಲುಸಾದ ಬೆಳವಣಿಗೆ’ ಎಂದಿದೆ; ಹುಲುಸು ಹೊಗಳಿಕೆಯ ಮಾತು, ಸೊಕ್ಕಿನಲ್ಲಿ ಎಚ್ಚರಿಕೆ ಇದೆ. ಆದ್ದರಿಂದ ‘ಕಸುವು’, ‘ಸೊಕ್ಕು’ ಎರಡನ್ನೂ ಜೋಡಿಯಾಗಿ ಬಳಸುವ ಯೋಚನೆ.

ಕೇಳಬೇಕಾದದ್ದು ಮೂರು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಪೈರಿಗೆ ‘ಸೊಕ್ಕು’ ಎನ್ನುವುದುಂಟೇ, ಬೇರೆ ಪದವಿದೆಯೇ? ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ? ‘ವಿಷಸಹನೆ’ಗಿಂತ ಹಗುರವಾದ ಪದ ಯಾರಿಗಾದರೂ ಹೊಳೆಯುತ್ತದೆಯೇ? ಕರಡು ಅಚ್ಚಿಗೆ ಹೋಗುವ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.