ಔಷಧಿ ಕೋಣೆಯಲ್ಲಿದ್ದ ಮರ ಹತ್ತುವ ಮೆಷಿನ್, ಸೇಫ್ಟಿ ಬೆಲ್ಟ್: ಮತ್ತೆ ಬಳಸಬಹುದೇ?

ಮೇಲಿನತೋಟ

ಪುತ್ತೂರು ಕಡೆಯ ತೋಟ. ತೆಂಗು 40ರ ಮೇಲಿವೆ, ಎತ್ತರದವು 50 ಅಡಿ ದಾಟಿವೆ. ನಡುವೆ ಅಡಿಕೆ. ಕಾಲಿಗೆ ಹಗ್ಗದ ತಳೆ ಹಾಕಿ ಹತ್ತುವವರು ಈಗ ಸಿಗುವುದಿಲ್ಲ, ಬರುವವರು ಮೆಷಿನ್ ಇದ್ದರೆ ಮಾತ್ರ ಹತ್ತುತ್ತಾರೆ. ನಮ್ಮಲ್ಲಿರುವ ಸಾಮಾನು ಇಷ್ಟು.

ಎರಡು ಕಾಲಿಗೆ ಎರಡು ಬಿಡಿ ಭಾಗ ಇರುವ ಚೆಂಬೇರಿ ಮಾದರಿ ಮೆಷಿನ್. ಎಡಗಾಲಿನ ವೈರ್ ರೋಪಿನಲ್ಲಿ ತುದಿಯ ಹತ್ತಿರ ಎರಡು ಮೂರು ಎಳೆ ಹರಿದು ಹೊರಗೆ ಚುಚ್ಚುತ್ತಿವೆ. ಮರಕ್ಕೆ ಒತ್ತುವ ರಬ್ಬರ್ ಒಂದು ಬದಿ ಸವೆದಿದೆ.

ಮೈಪೂರ್ತಿ ಹಾಕುವ ಸೇಫ್ಟಿ ಬೆಲ್ಟ್, ಎದೆಗೂ ಬೆನ್ನಿಗೂ ಹುಕ್ ಸಿಕ್ಕಿಸುವ ಡಿ ರಿಂಗ್ ಇದೆ. ಜೊತೆಗೆ ಬೆಲ್ಟನ್ನು ಆಸರೆಗೆ ಸಿಕ್ಕಿಸುವ 2 ಮೀಟರ್ ಹಗ್ಗ, ಅಂದರೆ ಶಾಕ್ ಅಬ್ಸಾರ್ಬರ್ (ಬಿದ್ದಾಗಿನ ಎಳೆತ ತಗ್ಗಿಸುವ ಪಟ್ಟಿ) ಇರುವ ಲ್ಯಾನ್‌ಯಾರ್ಡ್. ಇವೆಲ್ಲ ಔಷಧಿ ಕೋಣೆಯಲ್ಲಿ ಮೈಲುತುತ್ತ, ಸುಣ್ಣದ ಚೀಲಗಳ ಪಕ್ಕ ನೇತಾಡುತ್ತಿದ್ದವು. ತೊಡೆಯ ಪಟ್ಟಿಯ ಮೇಲೆ ನೀಲಿ ಕಲೆಗಳಿವೆ. ಲೇಬಲ್ ಅಳಿಸಿಹೋಗಿದೆ. ಎಳೆದು ನೋಡಿದರೆ ಗಟ್ಟಿಯಾಗಿಯೇ ಇದೆ.

ಕೇಳಬೇಕಾದ್ದು ಮೂರು. ಮೆಷಿನ್ ರಿಪೇರಿ ಮಾಡಿಸಿದರೆ ನಂಬಬಹುದೇ? ಬೆಲ್ಟ್ ತೊಳೆದು ಬಳಸಬಹುದೇ? ತೆಂಗಿನ ಮರದಲ್ಲಿ ಕೊಂಬೆ ಇಲ್ಲವಲ್ಲ, ಬೆಲ್ಟಿನ ಹುಕ್ಕನ್ನು ಎಲ್ಲಿಗೆ ಸಿಕ್ಕಿಸಬೇಕು? ಕೆಲವರು ಮೆಷಿನ್ನಿನ ಹಿಡಿಗೇ ಸಿಕ್ಕಿಸಿಕೊಳ್ಳುತ್ತಾರೆ.

ಲೇತ್‌ಕೆಲಸ

ಮೆಷಿನ್ನಿನ ಬಗ್ಗೆ ಮಾತ್ರ ಹೇಳುತ್ತೇನೆ. ರಿಪೇರಿ ಮಾಡಬಹುದು, ಆದರೆ ಆ ವೈರ್ ರೋಪನ್ನು ಇನ್ನೊಂದು ಸಲವೂ ಮರಕ್ಕೆ ಸುತ್ತಬೇಡಿ.

ತುದಿಯಲ್ಲಿ ರೋಪನ್ನು ಲೋಹದ ತೋಳಿನೊಳಗೆ ಹಾಕಿ ಒತ್ತಿರುತ್ತಾರೆ. ತೋಳಿನ ಒಳಗಿನ ಭಾಗ ಅಲ್ಲಾಡುವುದಿಲ್ಲ, ಹೊರಗಿನದು ಪ್ರತಿ ಹೆಜ್ಜೆಗೂ ಬಾಗಿ ನೆಟ್ಟಗಾಗುತ್ತದೆ. ಬಾಗುವುದೆಲ್ಲ ಒಂದೇ ಜಾಗದಲ್ಲಿ ಆಗುವುದರಿಂದ ಎಳೆಗಳು ಅಲ್ಲೇ ದಣಿದು ಹರಿಯುತ್ತವೆ. ಮಳೆ ನೀರು ತೋಳಿನ ಬಾಯಲ್ಲೇ ನಿಂತು ಒಳಗೆ ತುಕ್ಕು ಹಿಡಿಸುತ್ತದೆ. ಹೊರಗೆ ಮೂರು ಎಳೆ ಕಂಡರೆ ಒಳಗೆ ಎಷ್ಟು ಹರಿದಿವೆ ಎಂದು ನೋಡಿ ಹೇಳಲು ಆಗದು. ರೋಪಿನ ನಡುವೆ ಒಂದು ಎಳೆ ಹರಿದರೆ ಅದು ಬೇರೆ ಲೆಕ್ಕ. ತೋಳಿನ ಬಾಯಲ್ಲಿ ಒಂದೇ ಹರಿದರೂ ರೋಪ್ ಬದಲಿಸಬೇಕು. ಬಲಗಾಲಿನದೂ ಅಷ್ಟೇ ಹಳೆಯದು, ಅದನ್ನೂ ಸೇರಿಸಿ ಬದಲಿಸಿ.

ಹೊಸದು ಮೊದಲಿನಷ್ಟೇ ದಪ್ಪ, ಅದೇ ಹೆಣಿಗೆಯದು ಇರಬೇಕು. ಏಳು ಹುರಿ, ಹುರಿಗೆ 19 ಎಳೆ ಇರುವ ರೋಪು ಚೆನ್ನಾಗಿ ಬಾಗುತ್ತದೆ. ಅಷ್ಟೇ ದಪ್ಪದಲ್ಲಿ ಕಡಿಮೆ ಎಳೆ ಇರುವುದು ಬಿರುಸು, ಬೇಗ ದಣಿಯುತ್ತದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹೊದಿಕೆಯ ತಂತಿ, ಬೈಕಿನ ಕ್ಲಚ್ ವೈರ್ ಇವು ಬೇಡವೇ ಬೇಡ. ತುದಿಯನ್ನು ಯಂತ್ರದಲ್ಲಿ ಒತ್ತಿಸಿಯೇ ತೋಳು ಹಾಕಿಸಿ. ನಟ್ ಇರುವ ಯು ಕ್ಲಿಪ್ ಹಾಕಿಸಿಕೊಂಡವರು ತುಂಬಾ ಜನ, ಅರ್ಧದಷ್ಟು ಕಡೆ ತಿರುಗುಮುರುಗಾಗಿ ಹಾಕಿರುತ್ತಾರೆ. ಭಾರ ಹೊರುವ ಉದ್ದ ರೋಪಿನ ಮೇಲೆ ಕ್ಲಿಪ್ಪಿನ ಅಗಲ ತಡಿ ಕೂರಬೇಕು, ಯು ಬೋಲ್ಟು ರೋಪಿನ ಕತ್ತರಿಸಿದ ತುಂಡು ತುದಿಯ ಕಡೆ ಬರಬೇಕು. ಉಲ್ಟಾ ಆದರೆ ಬೋಲ್ಟು ಭಾರದ ರೋಪನ್ನೇ ಜಜ್ಜುತ್ತದೆ. ಸರಿಯಾಗಿ ಹಾಕಿದರೂ ಹೆಜ್ಜೆಹೆಜ್ಜೆಗೆ ಸಡಿಲ ಬಿಗಿ ಆಗುವ ಈ ಕೆಲಸದಲ್ಲಿ ನಟ್ಟು ಕಳಚುತ್ತದೆ. ಹಾಗಾಗಿ ಒತ್ತಿದ ತೋಳೇ ಬೇಕು ಅನ್ನುವುದು.

ರಬ್ಬರ್ ಎರಡೂ ಭಾಗದ್ದು ಜೋಡಿಯಾಗಿ ಬದಲಿಸಿ. ಒಂದು ಬದಿ ಸವೆದಿದೆ ಎಂದರೆ ಚೌಕಟ್ಟು ಸ್ವಲ್ಪ ತಿರುಚಿಕೊಂಡಿರಬಹುದು. ಸಮ ನೆಲದ ಮೇಲೆ ಮಲಗಿಸಿ ನೋಡಿ. ಬೆಸುಗೆ ಹಾಕಿದ ಮೂಲೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಕೂದಲೆಳೆಯ ಬಿರುಕಿದೆಯೇ ಎಂದು ಬಿಸಿಲಲ್ಲಿ ಪರೀಕ್ಷಿಸಿ. ಮೇಲೆ ಬಣ್ಣ ಬಳಿದಿದ್ದರೆ ಬಿರುಕು ಕಾಣುವುದಿಲ್ಲ.

ಇನ್ನು ಬಳಸುವಾಗ. ಬುಡದ ಉಬ್ಬಿಗೆ ಸುತ್ತಿ ಅಳತೆ ಹೊಂದಿಸಬೇಡಿ. ಉಬ್ಬು ದಾಟಿದ ಮೇಲಿನ ದಪ್ಪಕ್ಕೆ ಹೊಂದಿಸಿ. ತುಳಿಯುವ ಪಟ್ಟಿ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ ನಿಲ್ಲಬೇಕು. ಕೆಳಕ್ಕೆ ವಾಲುತ್ತಿದ್ದರೆ ಸುತ್ತು ಸಡಿಲ ಎಂದರ್ಥ, ಮೇಲೆ ಮರ ಸಣ್ಣಗಾದ ಹಾಗೆ ಅದು ಇನ್ನೂ ವಾಲಿ ಕೊನೆಗೆ ಜಾರುತ್ತದೆ. ರೋಪಿನ ತುದಿ ಕೊಕ್ಕೆಯಲ್ಲಿ ಪೂರ್ತಿ ಕೂತಿದೆಯೇ ಎಂದು ನೆಲದಲ್ಲೇ ಕೈಯಿಂದ ಅಲುಗಿಸಿ ನೋಡಿ. ಕಾಲಿನ ಭಾರ ಇರುವಾಗ ಅರ್ಧ ಕೂತ ತುದಿಯೂ ಹಿಡಿದುಕೊಂಡೇ ಇರುತ್ತದೆ, ಭಾರ ತೆಗೆದ ಕ್ಷಣ ಕಳಚಿಕೊಳ್ಳುತ್ತದೆ.

ನೂಲಿನಂಗಡಿ

ಬೆಲ್ಟಿನ ಪ್ರಶ್ನೆಗೆ ಉತ್ತರ ಚಿಕ್ಕದು: ಕತ್ತರಿಸಿ ಎಸೆಯಿರಿ. ಕತ್ತರಿಸಿ ಎನ್ನುವುದು ಯಾಕೆಂದರೆ ಇಡಿಯಾಗಿ ಎಸೆದರೆ ಮತ್ತ್ಯಾರೋ ಎತ್ತಿಕೊಂಡು ಹಾಕಿಕೊಳ್ಳುತ್ತಾರೆ.

ಕಾರಣ ತಿಳಿದಿರಲಿ. ಬೆಲ್ಟಿನ ಪಟ್ಟಿಗಳು ಸಾಮಾನ್ಯವಾಗಿ ಪಾಲಿಯೆಸ್ಟರಿನವು, ಕೆಲವು ನೈಲಾನಿನವು. ನೈಲಾನಿಗೆ ಆಮ್ಲ ಆಗುವುದಿಲ್ಲ. ಪಾಲಿಯೆಸ್ಟರಿಗೆ ಗಟ್ಟಿ ಕ್ಷಾರ ಆಗುವುದಿಲ್ಲ. ಮೈಲುತುತ್ತದ ನೀರು ಆಮ್ಲ, ಸುಣ್ಣದ ನೀರು ಕ್ಷಾರ. ನಿಮ್ಮ ಕೋಣೆಯಲ್ಲಿ ಎರಡೂ ಇವೆ, ಲೇಬಲ್ ಅಳಿಸಿರುವುದರಿಂದ ಪಟ್ಟಿ ಯಾವುದೆಂದು ಗೊತ್ತಿಲ್ಲ. ಇವೆರಡನ್ನೂ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಚಾಕು ಅದ್ದಿ ಕೆಂಪಾಗುತ್ತದೆಯೇ ನೋಡುತ್ತೇವಲ್ಲ, ಕೆಂಪಾದರೆ ಸುಣ್ಣ ಸಾಲದು, ದ್ರಾವಣ ಇನ್ನೂ ಆಮ್ಲವೇ. ಸರಿ ಹದಕ್ಕೆ ಬಂದ ಬೋರ್ಡೋ ಸಿಡಿದರೆ ತಕ್ಷಣ ತೊಳೆದು ಉಳಿಸಿಕೊಳ್ಳಬಹುದು. ಪುಡಿ ಬಿದ್ದು, ಮಳೆಗಾಲದ ತೇವದಲ್ಲಿ ಕರಗಿ, ನೂಲಿನೊಳಗೆ ಇಳಿದು ಕೂತ ಕಲೆ ಹಾಗಲ್ಲ. ಅದೇ ಕೋಣೆಯಲ್ಲಿ ಬ್ಯಾಟರಿ ಸ್ಪ್ರೇಯರ್ ಇದ್ದರೆ ಇನ್ನೂ ಕೆಟ್ಟದು. ಬ್ಯಾಟರಿಯ ಆಮ್ಲ ತಾಗಿದ ನೈಲಾನು ಹೊರಗೆ ಏನೂ ಕಾಣದೆ ಒಳಗೆ ಪೊಳ್ಳಾಗುತ್ತದೆ.

ಕೈಯಲ್ಲಿ ಎಳೆದು ನೋಡಿದೆ ಎಂದಿರಿ. ಕೈಯ ಎಳೆತ ಹೆಚ್ಚೆಂದರೆ 40, 50 ಕೆಜಿ. ಬೀಳುವ ಮನುಷ್ಯನ ಲೆಕ್ಕ ಹಾಕಿ: 80 ಕೆಜಿಯವರು 1 ಮೀಟರ್ ಬಿದ್ದು, ಗಟ್ಟಿ ಹಗ್ಗದ ಮೇಲೆ 10 ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ ಎಳೆತವೇ 880 ಕೆಜಿ ತೂಕದಷ್ಟು. ಇದಕ್ಕೇ ಶಾಕ್ ಅಬ್ಸಾರ್ಬರ್ ಬೇಕು. ಒಳಗೆ ಮಡಚಿ ಹೊಲಿದ ಪಟ್ಟಿ ಸ್ವಲ್ಪ ಸ್ವಲ್ಪವೇ ಹರಿದುಕೊಂಡು, ಮೈಗೆ ಬೀಳುವ ಎಳೆತವನ್ನು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕೆಜಿ ಒಳಗೆ ಇಡುತ್ತದೆ. ಒಮ್ಮೆ ಬಿಚ್ಚಿಕೊಂಡರೆ ಅದರ ಆಯಸ್ಸು ಮುಗಿಯಿತು.

ಹೊಸದು ಕೊಳ್ಳುವಾಗ ಸೊಂಟದ ಬೆಲ್ಟ್ ಮಾತ್ರ ಕೊಳ್ಳಬೇಡಿ. ಅದು ಮರಕ್ಕೆ ಆತು ನಿಂತು ಕೆಲಸ ಮಾಡಲು ಸರಿ. ಬಿದ್ದರೆ ಇಡೀ ಎಳೆತ ಹೊಟ್ಟೆಗೂ ಬೆನ್ನುಮೂಳೆಗೂ ಹೊಡೆಯುತ್ತದೆ. ತೊಡೆ, ಭುಜ ಎರಡನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು, ಎದೆಯ ಮುಂದೆ ರಿಂಗ್ ಇರಲೇಬೇಕು. ಲೇಬಲ್ ಮೇಲೆ ಮಾನದಂಡದ ಸಂಖ್ಯೆ ಐಎಸ್ 3521 ಅಥವಾ ಇಎನ್ 361, ತಯಾರಾದ ತಿಂಗಳು ವರ್ಷ, ಬ್ಯಾಚ್ ನಂಬರ್ ಓದುವ ಹಾಗೆ ಇರಬೇಕು. ನೂಲಿನ ಸಾಮಾನಿಗೆ ಹಲವು ಕಂಪನಿಗಳು ಹಾಕುವ ಗರಿಷ್ಠ ಗಡುವು ತಯಾರಾದ ದಿನದಿಂದ 10 ವರ್ಷ. ದಿನವೂ ಬಿಸಿಲು, ಕೆಸರಿನಲ್ಲಿ ಬಳಸಿದರೆ ಅಷ್ಟು ಬಾಳುವುದಿಲ್ಲ.

ನೋಡುವ ಕ್ರಮ: ಪಟ್ಟಿಯನ್ನು ಬೆರಳ ಮೇಲೆ ಬಾಗಿಸಿ ಅಂಗುಲ ಅಂಗುಲವಾಗಿ ಸರಿಸುತ್ತಾ ಹೋಗಿ. ಅಂಚಿನಲ್ಲಿ ಕತ್ತಿ ತಾಗಿದ ಗಾಯ, ಬಿರುಸಾಗಿ ಮಿರುಗುವ ಜಾಗ, ಪುಡಿಯಾಗುವ ನೂಲು, ಬಣ್ಣ ಬೇರೆಯಾದ ತುಂಡು ಇದ್ದರೆ ಬೇಡ. ಹೊಲಿಗೆಯಲ್ಲಿ ಒಂದು ಸಾಲು ಬಿಟ್ಟರೂ ಬೇಡ. ತೊಳೆಯಲು ತಣ್ಣೀರು, ಮೆದು ಸಾಬೂನು ಸಾಕು, ಒಣಗಿಸುವುದು ನೆರಳಿನಲ್ಲಿ. ಇಡುವ ಜಾಗ ಔಷಧಿ ಕೋಣೆ ಅಲ್ಲ, ಇಲಿ ಬಾರದ ಡಬ್ಬಿ.

ಮರಗಸಿ

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮೆಷಿನ್ನಿನ ಹಿಡಿಗೆ ಹುಕ್ ಸಿಕ್ಕಿಸಿಕೊಂಡರೆ ಮೆಷಿನ್ ಜಾರಿದಾಗ ನೀವೂ ಅದರ ಜೊತೆಗೇ ಕೆಳಗೆ. ಕಾಲಿನ ಕೆಳಗಿರುವುದು ಕೈಕೊಟ್ಟಾಗ ಹಿಡಿಯಲೆಂದೇ ಬೆಲ್ಟು. ಅದು ನೇರ ಮರಕ್ಕೆ ಕಟ್ಟಿರಬೇಕು, ಮೆಷಿನ್ನಿಗೆ ಸಂಬಂಧ ಇರಬಾರದು.

ಮರಕ್ಕೆ ಕಟ್ಟುವುದರಲ್ಲೂ ಒಂದು ಮೋಸ ಇದೆ. ಲೈನ್‌ಮನ್‌ಗಳ ಹಾಗೆ ಹಗ್ಗವನ್ನು ಮರದ ಹಿಂದಿನಿಂದ ತಂದು ಸೊಂಟದ ಎರಡು ಬದಿಗೆ ಸಿಕ್ಕಿಸಿದರೆ, ಹಿಂದಕ್ಕೆ ಒರಗಿ ನಿಂತಿರುವವರೆಗೆ ಹಿಡಿಯುತ್ತದೆ. ಕಾಲು ತಪ್ಪಿ ಮೈ ಮರಕ್ಕೆ ಅಂಟಿದ ಕೂಡಲೇ ಹಗ್ಗ ಸಡಿಲ. ಕೊಂಬೆಯಿಲ್ಲದ ತೆಂಗು, ಅಡಿಕೆಯಲ್ಲಿ ಅದನ್ನು ತಡೆಯಲು ಬುಡದವರೆಗೂ ಏನೂ ಇಲ್ಲ.

ಬೇಕಾದ್ದು ಕುಣಿಕೆ. 12 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗ, ಒಂದು ತುದಿಯಲ್ಲಿ ಹೊಲಿದ ಕಣ್ಣು. ಮರಕ್ಕೆ ಸುತ್ತಿ ಇನ್ನೊಂದು ತುದಿಯನ್ನು ಆ ಕಣ್ಣಿನೊಳಗಿಂದ ತಂದು, ಲಾಕ್ ಇರುವ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಮೂಲಕ ಎದೆಯ ರಿಂಗಿಗೆ ಸಿಕ್ಕಿಸಿ. ಭಾರ ಬಿದ್ದಷ್ಟೂ ಕುಣಿಕೆ ಮರವನ್ನು ಬಿಗಿಯುತ್ತದೆ. ಹತ್ತುವಾಗ ಎರಡು ಹೆಜ್ಜೆಗೊಮ್ಮೆ ಕೈಯಿಂದ ಮೇಲಕ್ಕೆ ದೂಡಬೇಕು. ಕುಣಿಕೆ ಯಾವಾಗಲೂ ಎದೆಗಿಂತ ಮೇಲಿರಲಿ, ಅಲ್ಲಿಂದ ರಿಂಗಿಗೆ ಒಂದೂವರೆ ಅಡಿಗಿಂತ ಹೆಚ್ಚು ಹಗ್ಗ ಬೇಡ. ಹಗ್ಗ ಸಡಿಲ ಬಿಡದಿದ್ದರೆ ಆಗ ಬೀಳುವ ದೂರ ತೀರಾ ಕಡಿಮೆ, ನೂಲಿನಂಗಡಿಯವರು ಹೇಳಿದ 880 ಕೆಜಿಯ ಮಾತೂ ಬರುವುದಿಲ್ಲ.

ಪಾಚಿ ಹಿಡಿದ ಮರವಾದರೆ ಕುಣಿಕೆಯನ್ನು ಎರಡು ಸುತ್ತು ಹಾಕಿ. ನೆಲದಿಂದ ಮೂರಡಿ ಎತ್ತರದಲ್ಲಿ ಎರಡೂ ಕಾಲು ಮೆಷಿನ್ನಿನಿಂದ ತೆಗೆದು ಬೆಲ್ಟಿನಲ್ಲಿ ಪೂರ್ತಿ ನೇತಾಡಿ ನೋಡಿ. ಗೇಣಿಗಿಂತ ಹೆಚ್ಚು ಜಾರಿದರೆ ಆ ಮರ ಇವತ್ತಿಗೆ ಬೇಡ. ಕ್ಯಾರಬಿನರ್ ಅಡ್ಡಡ್ಡ ಎಳೆಯುವ ಹಾಗೆ ಮರಕ್ಕೆ ಒತ್ತಿ ಕೂರಬಾರದು. ಉದ್ದಕ್ಕೆ 22 ಕಿಲೋನ್ಯೂಟನ್ ತಡೆಯುವ ಸಾಮಾನು ಅಡ್ಡಕ್ಕೆ 7, 8ಕ್ಕೆ ಮುರಿಯಬಹುದು.

2 ಮೀಟರ್ ಶಾಕ್ ಅಬ್ಸಾರ್ಬರ್ ಲ್ಯಾನ್‌ಯಾರ್ಡ್ ಕಟ್ಟಡದ ಕೆಲಸಕ್ಕೆ ಮಾಡಿದ್ದು. ಪೂರ್ತಿ ಬಿಚ್ಚಿಕೊಂಡು ನಿಲ್ಲಿಸಲು ಅದಕ್ಕೆ ಕೆಳಗೆ 6 ಮೀಟರಿನಷ್ಟು ಖಾಲಿ ಜಾಗ ಬೇಕು. ಮರದ ಮೊದಲ 20 ಅಡಿಯಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಮರವನ್ನೂ ಸಲಕರಣೆ ಎಂದೇ ಪರೀಕ್ಷಿಸಬೇಕು. ಅಡಿಕೆಯಲ್ಲಿ ನೈಋತ್ಯದ ಬಿಸಿಲಿಗೆ ಸುಟ್ಟು ಸೀಳಿದ ಕಾಂಡ ಗಾಳಿಗೇ ಮುರಿಯುತ್ತದೆ, ಅದಕ್ಕೆ ಯಾವ ಬೆಲ್ಟೂ ಉತ್ತರವಲ್ಲ. ತೆಂಗಿನಲ್ಲಿ ಕೆಂಪು ಮೂತಿ ಹುಳುವಿನ ತೂತು, ರಸ ಸೋರಿದ ಕಲೆ, ಬುಡದಲ್ಲಿ ಅಣಬೆ ಇದ್ದರೆ ಹತ್ತಬೇಡಿ. ಕತ್ತಿಯ ಹಿಂಬದಿಯಿಂದ ಬಡಿದರೆ ಪೊಳ್ಳು ಸದ್ದು ತಿಳಿಯುತ್ತದೆ. ಹೆಡೆ ಮಟ್ಟೆಗೆ ಹುಕ್ ಸಿಕ್ಕಿಸುವುದಂತೂ ಕೂಡದು, ಒಣಗಿದ್ದು ಹಗ್ಗದ ತೂಕಕ್ಕೇ ಕಳಚುತ್ತದೆ.

ಮೇಲಿನತೋಟ

ಎಲ್ಲರಿಗೂ ಧನ್ಯವಾದ. ಬೆಲ್ಟು ಕತ್ತರಿಸುತ್ತೇನೆ, ರೋಪು ಎರಡೂ ಬದಲಾಯಿಸುತ್ತೇನೆ. ಇನ್ನೆರಡು ಸಂಶಯ. ಮೇಲೆ ಹೋಗಿ ಕತ್ತಿ ಬೀಸುವಾಗ ಕುಣಿಕೆಯ ಹಗ್ಗಕ್ಕೇ ತಾಗಿದರೆ? ಮತ್ತು ಯಾರಾದರೂ ಮೇಲೆ ಬೆಲ್ಟಿನಲ್ಲಿ ನೇತುಬಿದ್ದರೆ ಕೆಳಗಿದ್ದವರು ಏನು ಮಾಡಬೇಕು?

ಮರಗಸಿ

ಮೊದಲನೆಯದಕ್ಕೆ: ಹತ್ತುವಾಗ ಕುಣಿಕೆ ಒಂದೇ ಸಾಕು, ತೆಂಗಿನಲ್ಲಿ ದಾಟಬೇಕಾದ ಕೊಂಬೆ ಇಲ್ಲ. ಮರದ ತಲೆ ಮುಟ್ಟಿದ ಮೇಲೆ, ಕತ್ತಿ ಕೈಗೆ ತೆಗೆಯುವ ಮೊದಲು, ಎರಡನೆಯ ಕುಣಿಕೆ ಹಾಕಬೇಕು. ಅದು ಮೊದಲನೆಯದಕ್ಕಿಂತ ಒಂದಡಿ ಕೆಳಗೆ, ಬೇರೆ ಕ್ಯಾರಬಿನರಿನಲ್ಲಿ. ಒಂದೇ ಏಟು ಎರಡಕ್ಕೂ ತಾಗದ ಹಾಗೆ. ಒಳಗೆ ಉಕ್ಕಿನ ತಂತಿ ಇರುವ ಲ್ಯಾನ್‌ಯಾರ್ಡ್ ಸಿಗುತ್ತದೆ, ಕತ್ತಿ ಗರಗಸಕ್ಕೆ ತಡೆಯುತ್ತದೆ, ಆದರೆ ಕರೆಂಟ್ ಲೈನ್ ಹತ್ತಿರದ ಮರಕ್ಕೆ ಅದು ಬೇಡ. ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿಯೂ (ನೆಲದಿಂದಲೇ ಕೊಯ್ಯುವ ಉದ್ದ ಕೋಲು) ಕರೆಂಟ್ ಹರಿಸುತ್ತದೆ. ಅಲ್ಯೂಮಿನಿಯಂ ಅಲ್ಲವಲ್ಲ ಎಂದು ಧೈರ್ಯ ಮಾಡುವವರು ಬಹಳ ಮಂದಿ. ದೋಟಿಯ ಉದ್ದ, ಅದು ವಾಲುವ ದೂರ ಎರಡನ್ನೂ ಸೇರಿಸಿ ಲೈನಿನಿಂದ ಅಳೆಯಿರಿ.

ಎರಡನೆಯದು ಹತ್ತುವ ಮೊದಲೇ ತೀರ್ಮಾನ ಆಗಿರಬೇಕು. ಅಲ್ಲಾಡದೆ ಬೆಲ್ಟಿನಲ್ಲಿ ನೇತಾಡುವವರಿಗೆ ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ಮೇಲೆ ಬರುವುದು ಕಡಿಮೆಯಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ಆದ್ದರಿಂದ ಹತ್ತುವವರ ಸೊಂಟದ ಚೀಲದಲ್ಲಿ ಒಂದು ಕಾಲ್ಕುಣಿಕೆ ಇರಲಿ. ಅದನ್ನು ಬೆಲ್ಟಿಗೆ ಸಿಕ್ಕಿಸಿ, ಒಳಗೆ ಪಾದ ಇಟ್ಟು ಎದ್ದು ನಿಂತರೆ ತೊಡೆಯ ಒತ್ತಡ ಇಳಿಯುತ್ತದೆ, ಮತ್ತೆ ಮೆಷಿನ್ನಿಗೆ ಕಾಲು ಕೊಡಲೂ ಆಗುತ್ತದೆ.

ಎಚ್ಚರ ತಪ್ಪಿದರೆ ಕೆಳಗಿನವರು ಹತ್ತಲೇಬೇಕು. ಅದಕ್ಕೆ ಎರಡನೆಯ ಮೆಷಿನ್, ಎರಡನೆಯ ಬೆಲ್ಟ್, ಮರದ ಎತ್ತರದ ಎರಡರಷ್ಟಕ್ಕಿಂತ ಹೆಚ್ಚು ಉದ್ದದ 11 ಮಿಲಿಮೀಟರ್ ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗ, ಒಂದು ಪುಲ್ಲಿ, ಹಗ್ಗ ತಡೆತಡೆದು ಇಳಿಸಲು 8ರ ಆಕಾರದ ಲೋಹದ ಸಾಧನ, ಅಂದರೆ ಫಿಗರ್ ಎಯ್ಟ್ ತೋಟದಲ್ಲೇ ಇರಬೇಕು. ನೇತುಬಿದ್ದವರ ಕಾಲ ಕೆಳಗಿನಿಂದ ಅವರನ್ನು ದಾಟಿ ಮೇಲೆ ಹೋಗಲು ಆ ಮರದಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಈ ಪುಲ್ಲಿ ಮತ್ತು ಹಗ್ಗವನ್ನು ಮೊದಲು ಹತ್ತಿದವರೇ ಮರದ ತಲೆಯ ಕೆಳಗೆ ಕುಣಿಕೆ ಹಾಕಿ ಕಟ್ಟಿ, ಒಂದು ತುದಿ ತಮ್ಮ ಎದೆಯ ರಿಂಗಿಗೆ, ಇನ್ನೊಂದು ಕೆಳಗೆ ಪಕ್ಕದ ಮರದ ಬುಡದಲ್ಲಿ ಫಿಗರ್ ಎಯ್ಟ್ ಮೂಲಕ ಭದ್ರಪಡಿಸುವುದು ಒಳ್ಳೆಯದು. ಆಗ ನೆರವಿಗೆ ಹತ್ತಿದವರು ಮರದ ಕುಣಿಕೆಗಳ ಭಾರ ಬಿಡಿಸಿಕೊಟ್ಟರೆ ಕೆಳಗಿನವರು ನೆಲದಿಂದಲೇ ಇಳಿಸಬಹುದು. ಭಾರ ಬಿದ್ದ ಕುಣಿಕೆ ಕೈಯಲ್ಲಿ ಬಿಚ್ಚುವುದಿಲ್ಲ. ಇಳಿಸುವ ಹಗ್ಗ ಬಿಗಿಯಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕುಣಿಕೆಗಳನ್ನು ಕತ್ತರಿಸಬೇಕು, ಅದೂ ಚಿಕ್ಕ ಚೂರಿಯಿಂದ, ಇಳಿಸುವ ಹಗ್ಗದಿಂದ ದೂರ.

108ಕ್ಕೆ ಫೋನು ನೆರವಿಗೆ ಮರ ಹತ್ತುವ ಮೊದಲೇ ಹೋಗಲಿ. ಇಳಿಸಿದ ಮೇಲೆ ಕುತ್ತಿಗೆ, ಬೆನ್ನಿಗೆ ಪೆಟ್ಟಿನ ಸಂಶಯ ಇದ್ದರೆ ಜೀಪಿನಲ್ಲಿ ಕೂರಿಸಿಕೊಂಡು ಹೋಗಬೇಡಿ, ಹಲಗೆಯ ಮೇಲೆ ನೇರ ಮಲಗಿಸಿಯೇ ಸಾಗಿಸಿ.

ಲೇತ್‌ಕೆಲಸ

ಒಂದು ಸೇರಿಸುತ್ತೇನೆ. ಹೊಸ ರೋಪ್ ಹಾಕಿದ ಮೊದಲ ದಿನ ಅದು ಸ್ವಲ್ಪ ಎಳೆದುಕೊಳ್ಳುತ್ತದೆ. ಮೊದಲ ಮರ ಇಳಿದ ಮೇಲೆ ಎರಡೂ ಸುತ್ತಿನ ಉದ್ದ ಅಳೆದು ನೋಡಿ, ವ್ಯತ್ಯಾಸ ಇದ್ದರೆ ಮತ್ತೆ ಹೊಂದಿಸಿ.