ಓದುಗರ ಸ್ಪಂದನ: ಹಾಸ್ಯಗಾರನಿಗೆ ಇಟಲಿಯಲ್ಲಿ ಏನು ಕೆಲಸ?

(ಕಳೆದ ವಾರದ ಸಮಸ್ಯೆ: ಯಕ್ಷಗಾನ ಮೇಳದಲ್ಲಿ ಹಾಸ್ಯ ವೇಷ ಮಾಡುವ ಮಗನಿಗೆ ಇಟಲಿಯ ಮುಖವಾಡ ನಾಟಕದ ಶಾಲೆಯೊಂದರಿಂದ ಕರೆ ಬಂದಿದೆ. ಮೂರು ತಿಂಗಳ ಕಲಿಕೆ. ಶುಲ್ಕ ಇಲ್ಲ, ಉಳಿದ ಖರ್ಚೆಲ್ಲ ನಮ್ಮದು. ಊರವರ ಮುಂದೆ ಕೈಯೊಡ್ಡಲು ಮನಸ್ಸಿಲ್ಲ. ಏನು ಮಾಡಲಿ? – ಒಬ್ಬ ತಾಯಿ, ಉಡುಪಿ)

ಕೈಯೊಡ್ಡುವುದು ಅಂತ ಯಾಕೆ ಹೇಳ್ತೀರಿ ಅಮ್ಮ? ಕಲಾವಿದರ ಮನೆ ರಿಪೇರಿಗೆ, ಆಸ್ಪತ್ರೆ ಖರ್ಚಿಗೆ ಸಹಾಯಾರ್ಥ ಯಕ್ಷಗಾನದ ಆಟ ಆಡಿಸುವುದು ನಮ್ಮಲ್ಲಿ ಹೊಸತಲ್ಲ. ಇದಕ್ಕೂ ಒಂದು ಆಟ ಆಗಲಿ, ಮಗನೇ ವೇಷ ಕಟ್ಟಲಿ. ಅದು ದುಡಿದ ದುಡ್ಡು. ನಾವು ಕೆಲವರು ಸೇರಿ ಒಬ್ಬ ಚೆಂಡೆಯ ಹುಡುಗನಿಗೆ ಹೀಗೇ ಮಾಡಿದ್ದೆವು. ಟಿಕೆಟಿಗಿಂತ ಹೆಚ್ಚು ಬಂದದ್ದು ಚಾದ ಮೇಜಿನ ಮೇಲಿಟ್ಟ ಬಿಸ್ಕಿಟ್ ಡಬ್ಬಿಯಲ್ಲಿ. ಎಲ್ಲ ಹತ್ತು, ಇಪ್ಪತ್ತರ ನೋಟು, ಗೋಳಿಬಜೆಯ ಎಣ್ಣೆ ಹತ್ತಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೇ ತಪ್ಪು ಮಾಡಿದೆವು, ಲೆಕ್ಕ ಬರೆದಿಡಲಿಲ್ಲ. ಆಮೇಲೆ ಮಾತು ಕೇಳಬೇಕಾಯಿತು. ನೀವು ಖರ್ಚಿನ ಪಟ್ಟಿಯನ್ನು ಚೌಕಿಯ (ವೇಷ ಕಟ್ಟುವ ಕೋಣೆಯ) ಬಾಗಿಲಿಗೇ ಅಂಟಿಸಿ.
– ನಿವೃತ್ತ ಬ್ಯಾಂಕ್ ನೌಕರ, ಇಂದ್ರಾಳಿ

ಹೋದವನು ಮತ್ತೆ ಮೇಳಕ್ಕೆ ಬಂದಾನೋ? ನನಗೆ ಸಂಶಯ.
– ಆಟದ ಮರುಳ, ಸುರತ್ಕಲ್

ಹಾಸ್ಯಗಾರನಿಗೆ ಇಟಲಿಯಲ್ಲಿ ಏನು ಕೆಲಸ ಅಂತ ಕೇಳುವವರು ಇದ್ದೇ ಇರ್ತಾರೆ. ಅಲ್ಲಿನ ಕಮೀಡಿಯಾ ದೆಲ್ ಆರ್ತೆ ಎಂಬ ಮುಖವಾಡದ ಹಾಸ್ಯ ನಾಟಕದಲ್ಲಿ ಕಥೆಯ ಎಳೆಯಷ್ಟೇ ಗೊತ್ತಿರುತ್ತದೆ, ಮಾತನ್ನು ನಟ ನಿಂತಲ್ಲೇ ಹುಟ್ಟಿಸಬೇಕು. ಜಿಪುಣ ಮುದುಕ, ಹಸಿದ ಆಳು – ಹೆಚ್ಚಿನವರಿಗೆ ಅರ್ಧ ಮುಖವಾಡ, ಬಾಯಿ ಮಾತ್ರ ತೆರೆದಿರುತ್ತದೆ. ಭಾಗವತರ ಪದ್ಯ ಮುಗಿದ ಮೇಲೆ ನಮ್ಮ ಹಾಸ್ಯಗಾರ ದೂತನಾಗಿ, ಬ್ರಾಹ್ಮಣನಾಗಿ ಮಾಡುವುದೂ ಅದನ್ನೇ ಅಲ್ವಾ? ಆದರೆ ಕಣ್ಣು, ಹುಬ್ಬು ಮುಚ್ಚಿದರೆ ನಗಿಸುವುದು ಹೇಗೆ? ಬೆನ್ನು, ಮೊಣಕಾಲು ಮಾತಾಡಬೇಕು. ಅವನು ಕಲಿಯಬೇಕಾದದ್ದು ಇದು. 1970ರ ಆಸುಪಾಸಿನಲ್ಲಿ ಅಮೆರಿಕದ ಮಾರ್ತಾ ಆಷ್ಟನ್ ಇಲ್ಲಿಗೆ ಬಂದು ಮದ್ದಳೆಗಾರ ಹಿರಿಯಡಕ ಗೋಪಾಲ ರಾಯರಲ್ಲಿ ಯಕ್ಷಗಾನ ಕಲಿತರು, ನಾವು ಹೆಮ್ಮೆಪಟ್ಟೆವು. ನಮ್ಮವನು ಆ ಕಡೆ ಹೊರಟರೆ ಮಾತ್ರ ಹುಬ್ಬು ಏರುತ್ತದೆ.
– ಅಧ್ಯಾಪಕಿ, ಮಂಗಳೂರು

ಪತ್ತನಾಜೆಗೆ (ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಹೋಗಲಿ, ದೀಪಾವಳಿ ಕಳೆದು ಮೇಳ ಹೊರಡುವಾಗ ಇಲ್ಲಿರುತ್ತಾನೆ. ಸುರತ್ಕಲ್ಲಿನವರ ಸಂಶಯಕ್ಕೂ ಅದೇ ಉತ್ತರ. ಆದರೆ ದಿನ ಎಣಿಸಿ ಮಾರಾಯ್ರೆ! ಇಟಲಿಯೂ ಸೇರಿದ ಯುರೋಪಿನ ದೇಶಗಳ ಷೆಂಗೆನ್ ಕೂಟದ ಅಲ್ಪಾವಧಿ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು, ಇಳಿದ ದಿನ, ಹೊರಟ ದಿನ ಎರಡೂ ಸೇರಿ. ಜೂನ್, ಜುಲೈ, ಆಗಸ್ಟ್ ಕೂಡಿಸಿದರೆ 92. ಶಾಲೆಯವರ ಪತ್ರದಲ್ಲಿ 'ಮೂರು ತಿಂಗಳು' ಅಂತಿದ್ದರೆ ತಾರೀಕು ಹಾಕಿಸಿ ಇನ್ನೊಂದು ತರಿಸಿ. 30,000 ಯೂರೋಗೆ ಕಡಿಮೆ ಇಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿ ನೀವೇ ತುಂಬಿಸಿ. ನನ್ನ ತಂಗಿಯ ಭರತನಾಟ್ಯ ತಂಡದ ದುಡ್ಡು ಒಬ್ಬ ಏಜೆಂಟನ ಕೈಯಲ್ಲೇ ಕರಗಿತು. ಮತ್ತೆ, ಸಫೇತು, ಇಂಗಲೀಕದ ಪುಡಿ ಕೈಚೀಲದಲ್ಲಿ ಬೇಡ. ವಿಮಾನ ನಿಲ್ದಾಣದಲ್ಲಿ ಅದು ಮುಖದ ಬಣ್ಣ ಅಂತ ನಂಬಿಸುವಷ್ಟರಲ್ಲಿ ವಿಮಾನ ಹಾರಿರುತ್ತದೆ.
– ಕಲ್ಮಾಡಿಯ ಓದುಗ