ಆಕೃತಿ ತಿರುಗಿಸುವ ಪರೀಕ್ಷೆ: ಸುಲಭದ ಚಿತ್ರಕ್ಕೂ ಥೀಟಾ ಏರುತ್ತಿದೆ, ಯಾಕೆ?

ಪ್ರಶ್ನೆ:
ನಮಸ್ಕಾರ. ಮನೆಯಲ್ಲೇ ಒಂದು ಇಇಜಿ (ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವ) ಬೋರ್ಡ್ ಇಟ್ಟುಕೊಂಡು ಪ್ರಯೋಗ ಮಾಡುತ್ತಿದ್ದೇನೆ. ಪರದೆಯ ಮೇಲೆ ಘನಗಳಿಂದ ಮಾಡಿದ ಎರಡು ಆಕೃತಿ ಬರುತ್ತವೆ. ಒಂದನ್ನು ಮನಸ್ಸಿನಲ್ಲೇ ತಿರುಗಿಸಿ, ಎರಡೂ ಒಂದೇನಾ ಅಂತ ಹೇಳಬೇಕು. 1971ರಲ್ಲಿ ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್ಲರ್ ಮಾಡಿದ್ದರಲ್ಲ, ಅದೇ ಮಾದರಿ. ಕೋನ ಹೆಚ್ಚಾದಷ್ಟೂ ಉತ್ತರ ತಡವಾಗುತ್ತದೆ ಅನ್ನುವುದು ನನಗೂ ಸರಿಯಾಗಿ ಬಂತು.

ತೊಂದರೆ ಇರುವುದು ಅಲೆಗಳಲ್ಲಿ. ಹಣೆಯ ಎಫ್‌ಪಿ1 ಎಲೆಕ್ಟ್ರೋಡ್‌ನಲ್ಲಿ ಸುಲಭದ ಚಿತ್ರಕ್ಕೂ ಥೀಟಾ (ಯೋಚನೆಯ ಭಾರಕ್ಕೆ ಏರುವ ನಿಧಾನದ ಅಲೆ) ವಿಪರೀತ. ಭಾರ ಹೆಚ್ಚಿದಂತೆ ಇಳಿಯಬೇಕಾದ ಆಲ್ಫಾ ಅಲೆ ನೋಡಿದರೆ ಸುಲಭ, ಕಷ್ಟ ಎರಡಕ್ಕೂ ಪೂರ್ತಿ ಇಳಿದಿರುತ್ತದೆ. ಹೋಲಿಕೆಗೆ ಎರಡು ನಿಮಿಷ ಕಣ್ಣು ಮುಚ್ಚಿ ಕುಳಿತ ದಾಖಲೆ ಬಳಸಿದ್ದೇನೆ.

ಉತ್ತರ:
ಸರ್, ಫಿಲ್ಟರ್ ಹಾಕದ ಅಲೆ ಹೇಗಿದೆ?

ಪ್ರಶ್ನೆ ಕೇಳಿದವರು:
ಎರಡು ಮೂರು ಸೆಕೆಂಡಿಗೊಮ್ಮೆ ಒಂದು ದೊಡ್ಡ ಗುಡ್ಡ ಎದ್ದು ಇಳಿಯುತ್ತದೆ.

ಉತ್ತರ:
ಆ ಗುಡ್ಡ ಮಿದುಳಿನದ್ದಲ್ಲ, ರೆಪ್ಪೆ ಬಡಿತದ್ದು. ಎಫ್‌ಪಿ1 ಕಣ್ಣಿನ ಮೇಲೆಯೇ ಕೂತಿರುತ್ತದೆ ಅಲ್ವಾ? ಒಂದು ಬಡಿತ ಸುಲಭವಾಗಿ 100 ಮೈಕ್ರೋವೋಲ್ಟ್ ದಾಟುತ್ತದೆ. ಮಿದುಳಿನ ಅಲೆ ಅದರ ಮುಂದೆ ಚಿಕ್ಕದು. ಬಡಿತದ ಶಕ್ತಿ 4–8 ಹರ್ಟ್ಸ್‌ಗೂ ಸೋರಿ ಥೀಟಾ ಥರ ಕಾಣುತ್ತದೆ. ಎಲೆಕ್ಟ್ರೋಡನ್ನು ನಡುನೆತ್ತಿಯ ಮುಂದಿನ ಎಫ್‌ಝೆಡ್‌ಗೆ ಸರಿಸಿ. ಕೆಲಸದ ಭಾರಕ್ಕೆ ಏರುವ ಥೀಟಾ ಚೆನ್ನಾಗಿ ಸಿಗುವುದು ಅಲ್ಲೇ. ಆದರೂ ಬಡಿತ ಇರುವ ತುಂಡುಗಳನ್ನು ತೆಗೆದುಹಾಕಿ.

ಆಲ್ಫಾ ವಿಷಯ ಬೇರೆ. ಕಣ್ಣು ತೆರೆದರೆ ಸಾಕು, ಯಾವ ಕೆಲಸ ಮಾಡದಿದ್ದರೂ ಅದು ಕುಸಿಯುತ್ತದೆ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಕಾಲದಿಂದಲೂ ಗೊತ್ತಿರುವ ಸಂಗತಿ ಇದು. ನೀವು ಅಳೆದಿದ್ದು ಕಣ್ಣು ತೆರೆದದ್ದನ್ನು, ಯೋಚನೆಯ ಭಾರವನ್ನಲ್ಲ. 0 ಡಿಗ್ರಿಯ (ತಿರುಗಿಸಬೇಕಿಲ್ಲದ) ಜೋಡಿಯನ್ನೇ ಹೋಲಿಕೆಗೆ ಇಟ್ಟುಕೊಂಡು, ಹಿಂಭಾಗದ ಪಿಝೆಡ್‌ನಲ್ಲಿ 8–12 ಹರ್ಟ್ಸ್ (ಆಲ್ಫಾ) ನೋಡಿ.

ಇನ್ನೊಂದು ಮಾತು. ಕಷ್ಟದ ಚಿತ್ರಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಎಲ್ಲದರಲ್ಲೂ ಚಿತ್ರ ಬಂದ ಮೇಲಿನ ಮೊದಲ ಒಂದೂವರೆ ಸೆಕೆಂಡನ್ನೇ ತೆಗೆದುಕೊಳ್ಳಿ. ಸರಿ ಉತ್ತರಗಳನ್ನು ಮಾತ್ರ ಲೆಕ್ಕ ಹಾಕಿ. ತೀರಾ ಕಷ್ಟವಾಗಿ ಕೈಚೆಲ್ಲಿದರೆ ಥೀಟಾ ಇಳಿದುಬಿಡಬಹುದು.

ಪ್ರಶ್ನೆ ಕೇಳಿದವರು:
ಹಾಗೇ ಮಾಡಿದೆ. ಪಿಝೆಡ್ ಹತ್ತಿರ ಕೂದಲು ದಟ್ಟ, ಮೊದಲು ಬರೀ ಗದ್ದಲ. ಬಾಚಣಿಗೆಯ ತುದಿಯಿಂದ ಕೂದಲು ಬಿಡಿಸಿ, ಪೇಸ್ಟನ್ನು ಚರ್ಮಕ್ಕೆ ತಾಗುವಂತೆ ತಿಕ್ಕಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಮೇಲೆ ಮನೆ ಕರೆಂಟಿನ 50 ಹರ್ಟ್ಸ್ ಗೆರೆಯೂ ತಗ್ಗಿತು. ಈಗ 120 ಡಿಗ್ರಿಗೆ ಆಲ್ಫಾ 0 ಡಿಗ್ರಿಗಿಂತ ಕೆಳಗಿದೆ! ತುಂಬಾ ಖುಷಿಯಾಯಿತು. ಥೀಟಾ ಮಾತ್ರ ಇನ್ನೂ ಮಸುಕು. ಪ್ರತಿ ಕೋನಕ್ಕೆ 15 ಚಿತ್ರ ಇವೆ.

ಉತ್ತರ:
15 ಸಾಲದು, 60 ಮಾಡಿ. ಕೋನಗಳನ್ನು ಕಲಸಿ ಕೊಡಿ. ಹತ್ತು ನಿಮಿಷಕ್ಕೊಮ್ಮೆ ಬಿಡುವು ಇರಲಿ, ದಣಿವಾದರೆ ಆಲ್ಫಾ ತಾನಾಗಿಯೇ ಏರತೊಡಗುತ್ತದೆ.